45 ತುಂಬಲು ಹದಿನಾರು ತಿಂಗಳು: ಆಸ್ಟ್ರೇಲಿಯಾದ ಪಿಆರ್‌ಗೆ ಯಾವ ದಾರಿ ಹಿಡಿಯಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೆಲ್ಬರ್ನ್‌ನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. 482 ವೀಸಾದಲ್ಲಿ (ಕಂಪನಿ ಸ್ಪಾನ್ಸರ್ ಮಾಡುವ ತಾತ್ಕಾಲಿಕ ಕೆಲಸದ ವೀಸಾ) ಬಂದು ಈಗಿನ ಕಂಪನಿ ಸೇರಿ ಹನ್ನೊಂದು ತಿಂಗಳಾಯಿತು. ಓದಿದ್ದು ಬಿಇ ಮೆಕ್ಯಾನಿಕಲ್, ಆದರೆ ಹದಿನೈದು ವರ್ಷದಿಂದ ಮಾಡಿದ್ದೆಲ್ಲ ಸಾಫ್ಟ್‌ವೇರ್ ಕೆಲಸವೇ. ನನಗೆ 45 ತುಂಬಲು ಇನ್ನು ಹದಿನಾರು ತಿಂಗಳಿದೆ. ಎಚ್‌ಆರ್‌ನವರನ್ನು ಪಿಆರ್, ಅಂದರೆ ಕಾಯಂ ವಾಸದ ಹಕ್ಕಿನ ಬಗ್ಗೆ ಕೇಳಿದರೆ, "ಎರಡು ವರ್ಷ ಆಗಲಿ, 186ಕ್ಕೆ ಹಾಕೋಣ, ಅದೇ ನಮ್ಮ ಪಾಲಿಸಿ" ಎನ್ನುತ್ತಾರೆ. (186 ಎಂದರೆ ಕಂಪನಿಯ ಮೂಲಕ ಸಿಗುವ ಪಿಆರ್ ವೀಸಾ.) ಈ ನಡುವೆ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಬಡ್ತಿ ಕೊಡುವ ಮಾತೂ ನಡೆದಿದೆ. ಇನ್ನೊಂದು ಕಡೆ ಜೀಲಾಂಗ್‌ನ ಒಂದು ಸಣ್ಣ ಕಂಪನಿ, "ಬಂದು ಸೇರಿಕೊಳ್ಳಿ, ತಕ್ಷಣ 494 ಹಾಕುತ್ತೇವೆ, ಪ್ಯಾಕೇಜ್ 85,000 ಡಾಲರ್" ಎಂದಿದೆ. (494 ಎಂದರೆ ಮಹಾನಗರಗಳ ಹೊರಗಿನ ಕಂಪನಿಗಳು ಕೊಡಿಸುವ ತಾತ್ಕಾಲಿಕ ವೀಸಾ.) ಈಗಿನ ಸಂಬಳ 1,12,000, ಸೂಪರ್ (ಕಂಪನಿ ಕಟ್ಟುವ ನಿವೃತ್ತಿ ನಿಧಿ) ಬೇರೆ. ಅಪ್ಪ ತೀರಿಕೊಂಡಾಗ ಊರಿಗೆ ಹೋಗಿ ಐದು ವಾರ ಸಂಬಳವಿಲ್ಲದ ರಜೆ ಹಾಕಿದ್ದೆ, ಅದರಿಂದ ತೊಂದರೆ ಆಗುತ್ತದೆಯೇ? ಹೆಂಡತಿ ಮತ್ತು 11ನೇ ತರಗತಿಯಲ್ಲಿ ಓದುವ ಮಗಳು ಜೊತೆಗಿದ್ದಾರೆ. ಯಾವ ದಾರಿ ಹಿಡಿಯಲಿ?

ಉತ್ತರ: ಮೊದಲು ನಿಮ್ಮ ತಂದೆಯವರ ವಿಷಯ ಕೇಳಿ ಬೇಸರವಾಯಿತು. ಆ ಐದು ವಾರದ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲೇ. 482, 186, 494 ಎನ್ನುವ ಅಂಕಿಗಳ ಮೇಲಲ್ಲ.

ಪಿಆರ್ ಪ್ರಶ್ನೆ ತರುವವರಲ್ಲಿ ಹೆಚ್ಚಿನವರು "ಯಾವ ವೀಸಾ ಒಳ್ಳೆಯದು?" ಎಂದೇ ಶುರು ಮಾಡುತ್ತಾರೆ. ನಿಮ್ಮ ವಯಸ್ಸಿನಲ್ಲಿ ಕೇಳಬೇಕಾದ್ದು ಬೇರೆ: ಅರ್ಜಿ ಒಂದು ಸಲ ಬಿದ್ದುಹೋದರೆ, ಹುಟ್ಟುಹಬ್ಬಕ್ಕೆ ಮೊದಲು ಇನ್ನೊಂದು ಸಲ ಹಾಕಲು ಸಮಯ ಉಳಿದಿರುತ್ತದೆಯೇ? ನೀವು ಬರೆದದ್ದನ್ನೆಲ್ಲ ನಾನು ಈ ಒಂದೇ ತಕ್ಕಡಿಯಲ್ಲಿ ತೂಗುತ್ತೇನೆ.

ವಯಸ್ಸಿನ ನಿಯಮ ನೇರವಾಗಿದೆ. 186 ಇರಲಿ, 494 ಇರಲಿ, ವೀಸಾ ಅರ್ಜಿ ಹಾಕುವ ದಿನ ನಿಮಗೆ 45 ತುಂಬಿರಬಾರದು. ತೀರ್ಮಾನ ಬರುವ ದಿನ ಎಷ್ಟು ವಯಸ್ಸಾಗಿದ್ದರೂ ಲೆಕ್ಕಕ್ಕಿಲ್ಲ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ವಿಜ್ಞಾನಿಗಳು, ಬಹಳ ಹೆಚ್ಚು ಸಂಬಳದವರು ಮುಂತಾದ ಕೆಲವರಿಗೆ ವಿನಾಯಿತಿ ಇದೆ. ನೀವು ಅವರಲ್ಲಿ ಬರುವುದಿಲ್ಲ. ಆದ್ದರಿಂದ ನಿಮ್ಮ ಹದಿನಾರು ತಿಂಗಳು ಎನ್ನುವುದು ಅರ್ಜಿಯನ್ನು ದಾಖಲಿಸಲು ಇರುವ ಗಡುವು, ಪಿಆರ್ ಕೈಗೆ ಬರಲು ಇರುವ ಗಡುವಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ.

ಈಗ ಎಚ್‌ಆರ್ ಹೇಳಿದ "ಎರಡು ವರ್ಷ". 186 ವೀಸಾದೊಳಗೆ ಮೂರು ಕವಲುಗಳಿವೆ. ಒಂದು ಡೈರೆಕ್ಟ್ ಎಂಟ್ರಿ. ಎರಡನೆಯದು ಟೆಂಪರರಿ ರೆಸಿಡೆನ್ಸ್ ಟ್ರಾನ್ಸಿಷನ್, ನಮ್ಮ ವೃತ್ತಿಯವರ ಬಾಯಲ್ಲಿ ಟಿಆರ್‌ಟಿ. ಮೂರನೆಯದು ಲೇಬರ್ ಅಗ್ರಿಮೆಂಟ್, ಅದು ಕಂಪನಿ ಸರ್ಕಾರದೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ, ನಿಮಗೆ ಸಂಬಂಧಿಸಿದ್ದಲ್ಲ. ಎರಡು ವರ್ಷದ ಷರತ್ತು ಇರುವುದು ಟಿಆರ್‌ಟಿಗೆ. ಅರ್ಜಿಯ ಹಿಂದಿನ ಮೂರು ವರ್ಷಗಳಲ್ಲಿ ಒಟ್ಟು ಎರಡು ವರ್ಷ, ಪೂರ್ಣಾವಧಿ, 482ರಂಥ ವೀಸಾದಲ್ಲಿ ಅನುಮೋದಿತ ಸ್ಪಾನ್ಸರ್ ಬಳಿ ಕೆಲಸ ಮಾಡಿರಬೇಕು. ಹಿಂದೆ ಇದು ಮೂರು ವರ್ಷವಿತ್ತು, 2023ರ ನವೆಂಬರ್ 25ರಿಂದ ಎರಡಕ್ಕೆ ಇಳಿಯಿತು. ಡೈರೆಕ್ಟ್ ಎಂಟ್ರಿಗೆ ಇಂಥ ಕಾಯುವಿಕೆ ಇಲ್ಲವೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹಾಕಬಹುದು, ಆಸ್ಟ್ರೇಲಿಯಾಕ್ಕೆ ಬರುವ ಮೊದಲೂ ಹಾಕಬಹುದು. ಹಾಗಾಗಿ "ಎರಡು ವರ್ಷ ಆಗಲಿ" ಎಂಬುದು ಕಂಪನಿ ತಾನೇ ಹಾಕಿಕೊಂಡ ಪಾಲಿಸಿ, ಕಾನೂನಲ್ಲ. ಪಾಲಿಸಿಯನ್ನು ಮ್ಯಾನೇಜರ್ ಮನಸ್ಸು ಮಾಡಿದರೆ ಬದಲಿಸಬಹುದು, ನಿಮ್ಮ ಹುಟ್ಟಿದ ದಿನಾಂಕವನ್ನು ಯಾರೂ ಬದಲಿಸಲಾರರು. ಈ ಮಾತನ್ನು ಎಚ್‌ಆರ್ ಮುಂದೆ ಇದಕ್ಕಿಂತ ಸ್ವಲ್ಪ ಮೆತ್ತಗೆ ಹೇಳಿ, ಅಷ್ಟೇ.

ಟಿಆರ್‌ಟಿಯ ಲೆಕ್ಕ ಹಾಕಿ ನೋಡೋಣ. ಹನ್ನೊಂದು ತಿಂಗಳಾಗಿದೆ, ಇನ್ನು ಹದಿಮೂರು ಬೇಕು. ಸಂಬಳವಿಲ್ಲದ ರಜೆ ಆ ಎರಡು ವರ್ಷದೊಳಗೆ ಎಣಿಕೆಯಾಗುವುದಿಲ್ಲ. ಸಂಬಳಸಹಿತ ರಜೆಯಾಗಿದ್ದರೆ ಎಣಿಕೆಯಾಗುತ್ತಿತ್ತು. ಹಾಗಾಗಿ ನಿಮ್ಮ ಐದು ವಾರ ಮುಂದಕ್ಕೆ ತಳ್ಳಲ್ಪಟ್ಟು, ನೀವು ಅರ್ಹರಾಗುವುದು ಇವತ್ತಿನಿಂದ ಹದಿನಾಲ್ಕು ತಿಂಗಳು ಕಳೆದು ಕೆಲವು ದಿನಗಳಿಗೆ. ಹುಟ್ಟುಹಬ್ಬಕ್ಕೆ ಆಗ ಉಳಿಯುವುದು ಎರಡು ತಿಂಗಳೂ ಇಲ್ಲ. ಅಷ್ಟರಲ್ಲಿ ಮತ್ತೊಂದು ಸಲ ಊರಿಗೆ ಓಡಬೇಕಾಗಿ ಬಂದರೆ, ಕಂಪನಿ ಒಂದು ತಿಂಗಳು ಪೇಪರ್ ತಡ ಮಾಡಿದರೆ, ಅಥವಾ ನೀವು ಇಂಗ್ಲಿಷ್ ಪರೀಕ್ಷೆಯ ಒಂದು ವಿಭಾಗದಲ್ಲಿ ಅರ್ಧ ಬ್ಯಾಂಡ್ ಕಡಿಮೆ ತೆಗೆದರೆ ಆ ಕಿಟಕಿ ಮುಚ್ಚಿಹೋಗುತ್ತದೆ. ಎಲ್ಲ ಸರಿಯಾಗಿ ನಡೆದು ಅರ್ಜಿ ಹಾಕಿದಿರಿ ಎಂದೇ ಇಟ್ಟುಕೊಳ್ಳಿ. ಎಂಟು ತಿಂಗಳ ನಂತರ ಕಂಪನಿಯ ನಾಮಿನೇಷನ್ ತಿರಸ್ಕೃತವಾದರೆ? ಆಗ ನಿಮಗೆ 45 ದಾಟಿರುತ್ತದೆ, ಹೊಸ ಅರ್ಜಿಗೆ ಬಾಗಿಲಿಲ್ಲ.

ಇದು ಹೆದರಿಸುವ ಮಾತಲ್ಲ. 186ರಲ್ಲಿ ಎರಡು ಅರ್ಜಿಗಳಿರುತ್ತವೆ: ಕಂಪನಿ ಹಾಕುವ ನಾಮಿನೇಷನ್, ನೀವು ಹಾಕುವ ವೀಸಾ ಅರ್ಜಿ. ಎರಡನ್ನೂ ಒಂದೇ ದಿನ ಹಾಕಬಹುದು, ಆದರೆ ನಿಮ್ಮದು ಅವರದ್ದಕ್ಕೆ ಕಟ್ಟಿಹಾಕಿದ ಕರು. ಅವರದ್ದು ಬಿದ್ದರೆ ನಿಮ್ಮದೂ ಬೀಳುತ್ತದೆ. ನಡುವೆ ಕಂಪನಿ ಬದಲಿಸಿ ಹೊಸ ಕಂಪನಿಯ ನಾಮಿನೇಷನ್ನನ್ನು ಹಳೆಯ ವೀಸಾ ಅರ್ಜಿಗೆ ಅಂಟಿಸಲು ಬರುವುದಿಲ್ಲ, ಹೊಸ ಶುಲ್ಕ ಕಟ್ಟಿ ಹೊಸದಾಗಿ ಹಾಕಬೇಕು. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದ ಒಬ್ಬರ ಕಂಪನಿಯನ್ನು ಅರ್ಜಿ ಬಾಕಿ ಇರುವಾಗಲೇ ಇನ್ನೊಂದು ಕಂಪನಿ ಕೊಂಡುಕೊಂಡಿತು. ಕುರ್ಚಿ ಅದೇ, ಲ್ಯಾಪ್‌ಟಾಪ್ ಅದೇ, ಬಾಸ್ ಕೂಡ ಅದೇ. ಬದಲಾದದ್ದು ಪೇಸ್ಲಿಪ್‌ನ ಮೇಲ್ತುದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಎಬಿಎನ್, ಅಂದರೆ ಕಂಪನಿಯ ವ್ಯಾಪಾರ ನೋಂದಣಿ ಸಂಖ್ಯೆ ಮಾತ್ರ. ನಾಮಿನೇಷನ್ ಹಾಕಿದ ಸಂಸ್ಥೆಯಲ್ಲಿ ಆ ಹುದ್ದೆಯೇ ಇಲ್ಲ ಎಂದಾಯಿತು, ಇಡೀ ಕೆಲಸವನ್ನು ಮೊದಲಿಂದ ಮಾಡಿದೆವು. ಅವರಿಗೆ ಆಗ 38 ವರ್ಷ. ದುಡ್ಡು ಹೋಯಿತು, ಒಂದೂವರೆ ವರ್ಷ ಹೋಯಿತು, ಕೊನೆಗೆ ಪಿಆರ್ ಸಿಕ್ಕಿತು. ನಿಮಗೆ ಹಾಗಾದರೆ ಆ ಕೊನೆಯ ಸಾಲು ಇರುವುದಿಲ್ಲ.

ಹಾಗಾದರೆ ಡೈರೆಕ್ಟ್ ಎಂಟ್ರಿ. ಇದಕ್ಕೆ ನೀವು ತರಬೇಕಾದ್ದು: ನಿಮ್ಮ ವೃತ್ತಿ ಕೋರ್ ಸ್ಕಿಲ್ಸ್ ಆಕ್ಯುಪೇಷನ್ ಲಿಸ್ಟ್‌ನಲ್ಲಿರಬೇಕು, ಆ ವೃತ್ತಿಗೆ ಸ್ಕಿಲ್ಸ್ ಅಸೆಸ್‌ಮೆಂಟ್ ಆಗಿರಬೇಕು, ಕನಿಷ್ಠ ಮೂರು ವರ್ಷದ ಪೂರ್ಣಾವಧಿ ಅನುಭವ ಬೇಕು, ಇಂಗ್ಲಿಷ್‌ನಲ್ಲಿ ಕಾಂಪಿಟೆಂಟ್ ಮಟ್ಟ ಬೇಕು. ಐಇಎಲ್‌ಟಿಎಸ್ ಲೆಕ್ಕದಲ್ಲಿ ಅಂದರೆ ನಾಲ್ಕೂ ವಿಭಾಗಗಳಲ್ಲಿ ತಲಾ 6. ಈ ಪಟ್ಟಿ 2024ರ ಡಿಸೆಂಬರ್ 7ರಂದು ಬಂದದ್ದು, ಅದರಲ್ಲಿ 456 ವೃತ್ತಿಗಳಿದ್ದವು. ಸಾಫ್ಟ್‌ವೇರ್ ಎಂಜಿನಿಯರ್ ಅದರಲ್ಲಿದೆ. ಅದೇ ದಿನ ಹಳೆಯ 482 ಹೋಗಿ ಸ್ಕಿಲ್ಸ್ ಇನ್ ಡಿಮ್ಯಾಂಡ್ ಎಂಬ ಹೊಸ ಹೆಸರಿನ 482 ಬಂತು. ಸಂಖ್ಯೆ ಅದೇ ಉಳಿದದ್ದರಿಂದ ಹಳೆಯ ಲೇಖನಗಳನ್ನು ಓದಿ ಗೊಂದಲಕ್ಕೆ ಬಿದ್ದವರು ಲೆಕ್ಕವಿಲ್ಲ.

ನಿಮಗೆ ಇದರಲ್ಲಿ ಕಷ್ಟದ ಭಾಗ ಸ್ಕಿಲ್ಸ್ ಅಸೆಸ್‌ಮೆಂಟ್. ಐಟಿ ವೃತ್ತಿಗಳಿಗೆ ಅದನ್ನು ಮಾಡುವುದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಎಸಿಎಸ್. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಪದವಿ ಪತ್ರ, ಅಂಕಪಟ್ಟಿ, ಅನುಭವ ಪತ್ರ ಸಾಕು. ಮೆಕ್ಯಾನಿಕಲ್ ಪದವಿಯವರು ತಮ್ಮ ಕೆಲಸದ ಅನುಭವವನ್ನೇ ಅರ್ಹತೆಯಾಗಿ ತೋರಿಸುವ ಆರ್‌ಪಿಎಲ್ ದಾರಿ ಹಿಡಿಯಬೇಕಾಗುತ್ತದೆ. ನೀವೇ ಮಾಡಿದ ಪ್ರಾಜೆಕ್ಟ್‌ಗಳ ವರದಿ ಬರೆಯಬೇಕು: ಸಮಸ್ಯೆ ಏನಿತ್ತು, ನೀವು ಏನು ವಿನ್ಯಾಸ ಮಾಡಿದಿರಿ, ಯಾವ ತೀರ್ಮಾನ ಯಾಕೆ ತೆಗೆದುಕೊಂಡಿರಿ. ಬೇರೆಯವರ ವರದಿ ನಕಲು ಮಾಡಿದರೆ ಸಿಕ್ಕಿಬೀಳುತ್ತೀರಿ. ಈ ವರದಿಗಳನ್ನು "ಬರೆದುಕೊಡುವ" ವ್ಯಾಪಾರವೇ ನಡೆಯುತ್ತದೆ, ಅತ್ತ ತಲೆ ಹಾಕಬೇಡಿ. ಮೊದಲ ಕೆಲವು ವರ್ಷಗಳ ಅನುಭವವನ್ನು ಅವರು ಅರ್ಹತೆಗೆ ಸಮ ಎಂದು ಕಳೆದುಬಿಡುತ್ತಾರೆ. ಹದಿನೈದರಲ್ಲಿ ಕಳೆದರೂ ನಿಮ್ಮ ಬಳಿ ಧಾರಾಳ ಉಳಿಯುತ್ತದೆ.

ನಿಜವಾಗಿ ತಿಂಗಳುಗಟ್ಟಲೆ ತಿನ್ನುವುದು ಅನುಭವ ಪತ್ರ. ನಮ್ಮ ಕಡೆಯ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, "ಅವರ ನಡತೆ ತೃಪ್ತಿಕರ" ಇಷ್ಟಿರುತ್ತದೆ. ಎಸಿಎಸ್‌ಗೆ ಬೇಕಾದ್ದು ನೀವು ಮಾಡಿದ ಕೆಲಸದ ವಿವರ, ಪೂರ್ಣಾವಧಿಯೋ ಅಲ್ಲವೋ ಎಂಬುದು, ಲೆಟರ್‌ಹೆಡ್, ಸಹಿ. ಕಂಪನಿ ಕೊಡಲು ಒಪ್ಪದಿದ್ದರೆ ಜೊತೆಗಿದ್ದ ಹಿರಿಯರೊಬ್ಬರಿಂದ ಅಫಿಡವಿಟ್ ಮಾಡಿಸಿ, ಜೊತೆಗೆ ಸಂಬಳದ ಪುರಾವೆ, ಫಾರ್ಮ್ 16, ಪಿಎಫ್ ಹೇಳಿಕೆ ಇಡುವವರಿದ್ದಾರೆ. ಹಳೆಯ ಮ್ಯಾನೇಜರ್‌ಗೆ ಫೋನ್ ಮಾಡುವ ಕೆಲಸವನ್ನು ಈ ವಾರವೇ ಮಾಡಿ. ಡೈರೆಕ್ಟ್ ಎಂಟ್ರಿಯಲ್ಲಿ ಅಸೆಸ್‌ಮೆಂಟ್ ಮತ್ತು ಇಂಗ್ಲಿಷ್ ಫಲಿತಾಂಶ ಎರಡೂ ಅರ್ಜಿ ಹಾಕುವ ದಿನ ಕೈಯಲ್ಲಿರಬೇಕು. ಆಮೇಲೆ ಕೊಡುತ್ತೇನೆ ಎಂದರೆ ನಡೆಯುವುದಿಲ್ಲ. ಟಿಆರ್‌ಟಿಯಲ್ಲಾದರೆ ಸಾಮಾನ್ಯವಾಗಿ ಸ್ಕಿಲ್ಸ್ ಅಸೆಸ್‌ಮೆಂಟ್ ಕೇಳುವುದಿಲ್ಲ, ಅದಕ್ಕೇ ಎಲ್ಲರಿಗೂ ಅದು ಸುಲಭವಾಗಿ ಕಾಣುವುದು. ಸುಲಭ ಹೌದು. 32ರ ಹುಡುಗ ಕೇಳಿದ್ದರೆ ಕಾಯಿರಿ ಎಂದೇ ಹೇಳುತ್ತಿದ್ದೆ.

ಬಡ್ತಿ ವಿಷಯಕ್ಕೆ ಬರೋಣ. ಅಭಿನಂದನೆ ಹೇಳುವ ಮೊದಲು ತಡೆಯುತ್ತೇನೆ. ಇಲ್ಲಿ ವೃತ್ತಿಗಳನ್ನು ಆನ್ಜ್‌ಸ್ಕೋ ಎಂಬ ಸಂಖ್ಯಾಪಟ್ಟಿಯಿಂದ ಗುರುತಿಸುತ್ತಾರೆ. ಸಾಫ್ಟ್‌ವೇರ್ ಎಂಜಿನಿಯರ್ 261313. ಟಿಆರ್‌ಟಿಗೆ ಬೇಕಾದ ಎರಡು ವರ್ಷ ಮೊದಲ ನಾಲ್ಕು ಅಂಕಿ ಒಂದೇ ಇರುವ ಗುಂಪಿನೊಳಗೆ ಆಗಬೇಕು, ನಿಮಗೆ ಅದು 2613. ಅನಲಿಸ್ಟ್ ಪ್ರೋಗ್ರಾಮರ್, ಡೆವಲಪರ್ ಪ್ರೋಗ್ರಾಮರ್ ಎಲ್ಲ ಅದೇ ಗುಂಪು. ಐಸಿಟಿ ಪ್ರಾಜೆಕ್ಟ್ ಮ್ಯಾನೇಜರ್ 135112, ಅಂದರೆ 1351, ಬೇರೆಯೇ ಮನೆ. ನೀವು ಆ ಹುದ್ದೆಗೆ ಹೋದ ದಿನ ಟಿಆರ್‌ಟಿಯ ಎಣಿಕೆ ಸೊನ್ನೆಗೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು, 482ರಲ್ಲಿ ನಾಮಿನೇಟ್ ಆದ ವೃತ್ತಿಯನ್ನು ಬಿಟ್ಟು ಬೇರೆ ವೃತ್ತಿ ಮಾಡುವುದು ವೀಸಾ ಷರತ್ತಿನ ಉಲ್ಲಂಘನೆ, ಹೊಸ ನಾಮಿನೇಷನ್ ಮತ್ತು ಹೊಸ ವೀಸಾ ಬೇಕಾಗುತ್ತದೆ. ಸಂಬಳ ಹೆಚ್ಚಾದರೆ ಏನೂ ತೊಂದರೆಯಿಲ್ಲ. "ಸೀನಿಯರ್", "ಲೀಡ್" ಎಂದು ಬಿರುದು ಸೇರಿಸಿದರೂ, ಮಾಡುವ ಕೆಲಸ ಕೋಡ್ ಬರೆಯುವುದು, ವಿನ್ಯಾಸ ಮಾಡುವುದೇ ಆಗಿದ್ದರೆ ಸಮಸ್ಯೆಯಿಲ್ಲ. ಮ್ಯಾನೇಜರ್ ಆಗುವುದನ್ನು ಪಿಆರ್ ಕೈಗೆ ಬರುವವರೆಗೆ ಮುಂದೂಡಲು ಕೇಳಿಕೊಳ್ಳಿ. ಅರ್ಥವಾಗುವ ಹಾಗೆ ಹೇಳಿದರೆ ಒಳ್ಳೆಯ ಬಾಸ್ ಒಪ್ಪುತ್ತಾರೆ.

ಜೀಲಾಂಗ್ ಕಂಪನಿಯ ಆಹ್ವಾನದ ಮೇಲೆ ನನಗೆ ಅನುಮಾನ. ಊರಿನ ಮೇಲಲ್ಲ, ಊರು ಚೆನ್ನಾಗಿದೆ. ವಲಸೆ ಕಾನೂನಿನ ಕಣ್ಣಲ್ಲಿ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಉಳಿದದ್ದೆಲ್ಲ ರೀಜನಲ್. ಪರ್ತ್, ಅಡಿಲೇಡ್, ಕ್ಯಾನ್‌ಬೆರ್ರಾ ಕೂಡ. ಜೀಲಾಂಗ್ ಹಾಗಾಗಿ ರೀಜನಲ್, 494 ಸಿಗಬಲ್ಲ ಜಾಗ. 494 ಎನ್ನುವುದು ಐದು ವರ್ಷದ ತಾತ್ಕಾಲಿಕ ವೀಸಾ, 2019ರ ನವೆಂಬರ್‌ನಲ್ಲಿ ಶುರುವಾದದ್ದು. ಮೂರು ವರ್ಷ ಅದರಲ್ಲಿದ್ದು, ಮೂರು ವರ್ಷದ ತೆರಿಗೆ ನೋಟಿಸ್‌ಗಳನ್ನು ತೋರಿಸಿ 191 ಎಂಬ ಪಿಆರ್‌ಗೆ ಹೋಗಬೇಕು. 191ಕ್ಕೆ ವಯಸ್ಸಿನ ಮಿತಿಯಿಲ್ಲ, ಕಂಪನಿಯ ನಾಮಿನೇಷನ್ನೂ ಮತ್ತೆ ಬೇಡ. ಇದು 494ರ ದೊಡ್ಡ ಗುಣ. 45ರ ಮೊದಲು ಅರ್ಜಿ ದಾಖಲಾದರೆ ಆಮೇಲೆ ವಯಸ್ಸಿನ ಭೂತ ಕಾಡುವುದಿಲ್ಲ.

ಆದರೆ 494ಕ್ಕೂ ಸ್ಕಿಲ್ಸ್ ಅಸೆಸ್‌ಮೆಂಟ್ ಬೇಕು, ಮೂರು ವರ್ಷ ಅನುಭವ ಬೇಕು, ಅದೇ ಮಟ್ಟದ ಇಂಗ್ಲಿಷ್ ಬೇಕು. ಡೈರೆಕ್ಟ್ ಎಂಟ್ರಿಗೆ ಬೇಕಾದ್ದೂ ಅವೇ. 186ಕ್ಕೆ ಕಂಪನಿ ಯಾವ ಊರಿನಲ್ಲಿದೆ ಎಂಬ ಷರತ್ತಿಲ್ಲ, ಜೀಲಾಂಗ್ ಕಂಪನಿಯೂ ನಿಮ್ಮನ್ನು ನೇರವಾಗಿ 186ಕ್ಕೆ ನಾಮಿನೇಟ್ ಮಾಡಬಹುದು. ಖರ್ಚಿನ ನೆಪವೂ ನಿಲ್ಲುವುದಿಲ್ಲ: ಸ್ಕಿಲಿಂಗ್ ಆಸ್ಟ್ರೇಲಿಯನ್ಸ್ ಫಂಡ್‌ಗೆ ಕಂಪನಿ ಕಟ್ಟಬೇಕಾದ ಲೆವಿ ಎರಡಕ್ಕೂ ಒಂದೇ. ವಾರ್ಷಿಕ ವಹಿವಾಟು ಒಂದು ಕೋಟಿ ಡಾಲರಿಗಿಂತ ಕಡಿಮೆ ಇದ್ದರೆ 3,000 ಡಾಲರ್, ಹೆಚ್ಚಿದ್ದರೆ 5,000. ಹೀಗಿರುವಾಗ 494 ಮಾತ್ರ ಎನ್ನುವುದೇಕೆ? ಕೆಲವೊಮ್ಮೆ ಪ್ರಾಮಾಣಿಕ ಕಾರಣ ಇರುತ್ತದೆ, ಅವರ ಏಜೆಂಟ್ ಹೇಳಿದ್ದನ್ನೇ ಅವರು ಹೇಳುತ್ತಿರಬಹುದು. ಆದರೆ ನಾನು ಕಂಡ ಬಹುಪಾಲು ಸಂದರ್ಭಗಳಲ್ಲಿ ಉತ್ತರ ಸರಳ: 494ರವರು ಮೂರು ವರ್ಷ ಎಲ್ಲಿಗೂ ಹೋಗಲಾರರು. ಕಂಪನಿ ಬದಲಿಸಬೇಕೆಂದರೆ ಇನ್ನೊಂದು ರೀಜನಲ್ ಕಂಪನಿ ಹೊಸ ನಾಮಿನೇಷನ್ ಹಾಕಿ ಅದು ಒಪ್ಪಿಗೆಯಾಗಬೇಕು. ಆ ಮೂರು ವರ್ಷ ಮುಗಿಯುವ ತನಕ 186, 189, 190ರಂಥ ಬೇರೆ ಪಿಆರ್ ವೀಸಾಗಳ ಬಾಗಿಲೂ ನಿಮಗೆ ಮುಚ್ಚಿರುತ್ತದೆ. ಇವತ್ತು 186 ಸಿಗುವ ಸ್ಥಿತಿಯಲ್ಲಿರುವವರು 494 ತೆಗೆದುಕೊಂಡರೆ ಆ ಬಾಗಿಲನ್ನು ತಾವೇ ಎಳೆದುಕೊಂಡಂತೆ.

ಇನ್ನು ಆ 85,000. "ಪ್ಯಾಕೇಜ್" ಎಂಬ ಪದ ಕಂಡಾಗಲೆಲ್ಲ ನಾನು ಕ್ಯಾಲ್ಕುಲೇಟರ್ ತೆಗೆಯುತ್ತೇನೆ. ಇಲ್ಲಿ ಪ್ಯಾಕೇಜ್ ಎಂದರೆ ಸಾಮಾನ್ಯವಾಗಿ ಸೂಪರ್ ಸೇರಿದ ಮೊತ್ತ. 2025ರ ಜುಲೈ 1ರಿಂದ ಸೂಪರ್ ಶೇ. 12. ಅಂದರೆ 85,000ವನ್ನು 1.12ರಿಂದ ಭಾಗಿಸಿ: ಮೂಲ ಸಂಬಳ ಸುಮಾರು 75,893. ಅದೇ ಜುಲೈ 1ರಿಂದ ಈ ವೀಸಾಗಳ ನಾಮಿನೇಷನ್‌ಗೆ ಕನಿಷ್ಠ ಸಂಬಳ 76,515 ಡಾಲರ್, ಅದೂ ಸೂಪರ್ ಬಿಟ್ಟು. ಆರುನೂರು ಚಿಲ್ಲರೆ ಡಾಲರ್ ಕಡಿಮೆ ಬಿತ್ತು, ನಾಮಿನೇಷನ್ ಅಲ್ಲೇ ಮುಗಿಯಿತು. ಈ ಮಿತಿ ಪ್ರತಿ ಜುಲೈನಲ್ಲಿ ಏರುತ್ತದೆ, ನಾಮಿನೇಷನ್ ಹಾಕುವ ದಿನ ಯಾವುದು ಜಾರಿಯಲ್ಲಿದೆಯೋ ಅದೇ ಲೆಕ್ಕ. ಮಿತಿ ದಾಟಿದರಷ್ಟೇ ಸಾಲದು, ಅದೇ ಕೆಲಸಕ್ಕೆ ಅದೇ ಜಾಗದಲ್ಲಿ ಆಸ್ಟ್ರೇಲಿಯನ್ನರಿಗೆ ಕೊಡುವ ಮಾರುಕಟ್ಟೆ ಸಂಬಳಕ್ಕೂ ಸರಿಹೊಂದಬೇಕು. ಹದಿನೈದು ವರ್ಷ ಅನುಭವದ ಎಂಜಿನಿಯರ್‌ಗೆ 75,893 ಮಾರುಕಟ್ಟೆ ಸಂಬಳ ಎಂದು ಯಾವ ಅಧಿಕಾರಿಯನ್ನೂ ಒಪ್ಪಿಸುವುದು ಕಷ್ಟ. ಈ ಲೆಕ್ಕ ಗೊತ್ತಿಲ್ಲದ ಕಂಪನಿ ನಿಮ್ಮ 494 ನಾಮಿನೇಷನ್ನನ್ನು ಹೇಗೆ ನಿಭಾಯಿಸೀತು ಎಂಬುದು ಬೇರೆ ಪ್ರಶ್ನೆ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮವರು ಹೇಳಿದ್ದು ಇದಕ್ಕೇ ಇರಬೇಕು.

ಒಂದು ಸಣ್ಣ ಮಾತು ಇಲ್ಲೇ. ಲೆವಿಯನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ, ಸಂಬಳದಿಂದ ಕಡಿತ ಮಾಡಿಯೂ ಇಲ್ಲ, "ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು" ಎಂಬ ಬಾಂಡ್ ಬರೆಸಿಯೂ ಇಲ್ಲ. ಸ್ಪಾನ್ಸರ್ ಮಾಡಿದ್ದಕ್ಕೆ ಹಣ ಕೇಳುವುದೂ ಕೊಡುವುದೂ 2015ರ ಡಿಸೆಂಬರ್‌ನಿಂದ ಕಾನೂನುಬಾಹಿರ, ಕೊಟ್ಟವರ ವೀಸಾ ಕೂಡ ರದ್ದಾಗಬಹುದು. ನಿಮ್ಮ ವೀಸಾ ಶುಲ್ಕ, ಅಸೆಸ್‌ಮೆಂಟ್, ಇಂಗ್ಲಿಷ್ ಪರೀಕ್ಷೆ, ವೈದ್ಯಕೀಯ ತಪಾಸಣೆಯನ್ನು ನೀವು ಕೊಡುವುದು ಸರಿಯೇ. 186ಕ್ಕೆ ಮುಖ್ಯ ಅರ್ಜಿದಾರರ ಶುಲ್ಕ 2025ರ ಜುಲೈನಿಂದ 4,910 ಡಾಲರ್, ಹೆಂಡತಿ ಮಕ್ಕಳಿಗೆ ಬೇರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. ಎಚ್‌ಆರ್ ಒಪ್ಪುವುದನ್ನು ಕಾಯದೆ ಎಸಿಎಸ್ ಅರ್ಜಿಯನ್ನು ಶುರು ಮಾಡುತ್ತಿದ್ದೆ. ಅದಕ್ಕೆ ಕಂಪನಿಯ ಅನುಮತಿ ಬೇಕಿಲ್ಲ, ಅದು ನಿಮ್ಮ ಸ್ವಂತ ಆಸ್ತಿ, ಈ ಕಂಪನಿಗೂ ಆಗುತ್ತದೆ, ಇನ್ನೊಂದಕ್ಕೂ ಆಗುತ್ತದೆ. ಇಂಗ್ಲಿಷ್ ಪರೀಕ್ಷೆ ಕೂಡ ಹಾಗೆಯೇ. ಫಲಿತಾಂಶ ಮೂರು ವರ್ಷ ಬಾಳುತ್ತದೆ, ಮೊದಲ ಸಲ ಕಡಿಮೆ ಬಂದರೂ ಮತ್ತೆ ಬರೆಯಲು ಈಗ ಸಮಯವಿದೆ. ಎರಡೂ ಕೈಗೆ ಬಂದ ಮೇಲೆ ಎಚ್‌ಆರ್ ಬಳಿ ಹೋಗಿ, "ಪಿಆರ್ ಮಾಡಿಸಿಕೊಡಿ" ಎಂದು ಬೇಡಬೇಡಿ. ಒಂದು ಪುಟದ ಟಿಪ್ಪಣಿ ಕೊಡಿ. ನನ್ನ ಜನ್ಮದಿನ ಇಂಥದ್ದು, ಟಿಆರ್‌ಟಿಗೆ ಅರ್ಹತೆ ಬರುವುದು ಇಂಥ ದಿನ, ನಡುವೆ ಉಳಿಯುವುದು ಇಷ್ಟು ವಾರ. ಡೈರೆಕ್ಟ್ ಎಂಟ್ರಿಗೆ ನನ್ನ ಕಡೆಯ ದಾಖಲೆ ಎಲ್ಲ ಸಿದ್ಧ, ಕಂಪನಿಗೆ ತಗಲುವ ಖರ್ಚು ನಾಮಿನೇಷನ್ ಶುಲ್ಕ 540 ಡಾಲರ್ ಮತ್ತು ಲೆವಿ, ಮುಂದಿನ ವರ್ಷ ಟಿಆರ್‌ಟಿ ಹಾಕಿದರೂ ಕೊಡಬೇಕಾದ್ದು ಇದೇ. ಕಂಪನಿಗೆ ಇದು ಹೆಚ್ಚಿನ ಖರ್ಚಲ್ಲ, ಒಂದು ವರ್ಷ ಮುಂಚಿನ ಖರ್ಚು. ಎಚ್‌ಆರ್‌ನವರು ಸಾಮಾನ್ಯವಾಗಿ ಹೆದರುವುದು ಪಿಆರ್ ಬಂದ ಮರುದಿನ ನೀವು ರಾಜೀನಾಮೆ ಕೊಡುತ್ತೀರಿ ಎಂದು. ನಾಮಿನೇಷನ್‌ನಲ್ಲಿ ಆ ಹುದ್ದೆ ಕನಿಷ್ಠ ಎರಡು ವರ್ಷ ಲಭ್ಯ ಎಂದು ಕಂಪನಿ ಹೇಳಬೇಕಾಗುತ್ತದೆ, ನೀವೂ ಅಲ್ಲಿ ಉಳಿಯುವ ಉದ್ದೇಶದಿಂದಲೇ ಅರ್ಜಿ ಹಾಕಬೇಕು. ಆ ಮಾತನ್ನು ನೀವಾಗಿಯೇ ಎತ್ತಿ ಹೇಳಿ.

ಕಂಪನಿ ಒಪ್ಪಿದರೆ ಮುಂದಿನ ನಾಲ್ಕೈದು ತಿಂಗಳಲ್ಲಿ ಅರ್ಜಿ ದಾಖಲಾಗುವಂತೆ ನೋಡಿಕೊಳ್ಳಿ. ಆಗ ಅದು ಏನಾದರೂ ಬಿದ್ದುಹೋದರೂ, ಅಷ್ಟರಲ್ಲಿ ಟಿಆರ್‌ಟಿಯ ಎರಡು ವರ್ಷ ತನ್ನಷ್ಟಕ್ಕೆ ತುಂಬುತ್ತಾ ಬಂದಿರುತ್ತದೆ, ಹುಟ್ಟುಹಬ್ಬದ ಮೊದಲು ಇನ್ನೊಂದು ಪ್ರಯತ್ನಕ್ಕೆ ಜಾಗ ಇರುವ ಸಾಧ್ಯತೆ ಇದೆ. ತೀರ್ಮಾನ ಬರಲು ಎಷ್ಟು ದಿನ ಎಂಬುದು ಇಲಾಖೆಯ ಕೈಯಲ್ಲಿದೆ, ಹಾಗಾಗಿ ಖಾತ್ರಿ ಮಾತು ಹೇಳಲಾರೆ. ಆದ್ದರಿಂದ ಮೊದಲ ಅರ್ಜಿಯ ಉತ್ತರಕ್ಕಾಗಿ ಕೈಕಟ್ಟಿ ಕೂರದೆ, ಟಿಆರ್‌ಟಿ ಅರ್ಹತೆ ಬಂದ ವಾರ ಅದು ಇನ್ನೂ ಬಾಕಿ ಇದ್ದರೆ, ಎರಡನೆಯದನ್ನೂ ಹಾಕಬೇಕೇ ಎಂದು ಕಂಪನಿಯೊಂದಿಗೆ ಕುಳಿತು ಮಾತಾಡಿ. ದುಬಾರಿ ವಿಮೆ, ಆದರೆ ಸಂಶಯದ ನಾಮಿನೇಷನ್ ಇದ್ದಾಗ ಕೆಲವರಿಗೆ ನಾನು ಮಾಡಿಸಿದ್ದೇನೆ.

ಕಂಪನಿ ಒಪ್ಪದಿದ್ದರೆ? ಆಗಲೂ 482 ಬಿಟ್ಟು ಓಡಬೇಡಿ, ಸ್ಪಾನ್ಸರ್ ಮಾಡಬಲ್ಲ ಬೇರೆ ಕಂಪನಿ ಹುಡುಕಿ. 2024ರ ಡಿಸೆಂಬರ್ 7ರಿಂದ ಟಿಆರ್‌ಟಿಯ ಎರಡು ವರ್ಷ ಒಂದೇ ಕಂಪನಿಯಲ್ಲಿ ಆಗಬೇಕಿಲ್ಲ, ಬೇರೆ ಬೇರೆ ಅನುಮೋದಿತ ಸ್ಪಾನ್ಸರ್‌ಗಳ ಬಳಿ ಮಾಡಿದ್ದೂ ಕೂಡುತ್ತದೆ. ನಿಮ್ಮ ಹನ್ನೊಂದು ತಿಂಗಳು ವ್ಯರ್ಥವಾಗುವುದಿಲ್ಲ. ಕೆಲಸ ಬಿಟ್ಟರೆ ಒಂದು ಸಲಕ್ಕೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಸಮಯ ಕೊಡುವ ನಿಯಮ 2024ರ ಜುಲೈನಿಂದ ಇದೆ. ಆ ದಿನಗಳಲ್ಲಿ ಬೇರೆ ಕಡೆ ದುಡಿಯಬಹುದು, ಆದರೆ ಸ್ಪಾನ್ಸರ್ ಅಲ್ಲದವರ ಬಳಿ ಮಾಡಿದ್ದು ಟಿಆರ್‌ಟಿ ಲೆಕ್ಕಕ್ಕೆ ಬಾರದು. ಮೊದಲು ಹೊಸ ಕಂಪನಿಯ ನಾಮಿನೇಷನ್ ಒಪ್ಪಿಗೆಯಾಗಲಿ, ಆಮೇಲೆ ರಾಜೀನಾಮೆ. ಹೊಸಬರೊಂದಿಗೆ ಸಂದರ್ಶನದಲ್ಲೇ, ನಾಚಿಕೆ ಬಿಟ್ಟು, "ಸೇರಿದ ಕೂಡಲೇ ಡೈರೆಕ್ಟ್ ಎಂಟ್ರಿ ಹಾಕುತ್ತೀರಾ?" ಎಂದು ಕೇಳಿ. ಜೀಲಾಂಗ್‌ನವರಿಗೂ ಇದೇ ಪ್ರಶ್ನೆ ಕೇಳಿ, ಸಂಬಳದ ಲೆಕ್ಕವನ್ನೂ ತೋರಿಸಿ. ಸರಿಯಾದ ಸಂಬಳಕ್ಕೆ 186 ಎಂದರೆ ಅವರೂ ಪರಿಗಣನೆಗೆ ಅರ್ಹರೇ. ಬಾಗಿಲು ಒಂದೂ ತೆರೆಯದೆ ಹುಟ್ಟುಹಬ್ಬ ಮೂರ್ನಾಲ್ಕು ತಿಂಗಳಿಗೆ ಬಂದರೆ, ಆಗ, ಆಗ ಮಾತ್ರ, 494.

ಸಣ್ಣ ಕಂಪನಿ ಎಂದರೆ ಇನ್ನೊಂದು ವಿಷಯ ನೋಡಬೇಕು. ಆ ಹುದ್ದೆ ನಿಜವಾಗಿ ಬೇಕೇ, ಎರಡು ವರ್ಷ ಸಂಬಳ ಕೊಡುವ ತಾಕತ್ತು ಇದೆಯೇ ಎಂದು ಇಲಾಖೆ ಲೆಕ್ಕಪತ್ರ ಕೇಳುತ್ತದೆ. ನಷ್ಟದಲ್ಲಿ ನಡೆಯುವ ಸ್ಟಾರ್ಟ್‌ಅಪ್‌ಗಳು ಇಲ್ಲಿ ಎಡವುತ್ತವೆ. ಉದ್ಯೋಗಿ ಮಾಲೀಕರ ಲೆಕ್ಕಪುಸ್ತಕ ಕೇಳುವುದು ನಮ್ಮ ರೂಢಿಯಲ್ಲ, ಆದರೂ ಎಷ್ಟು ಜನರನ್ನು ಈ ಹಿಂದೆ ಸ್ಪಾನ್ಸರ್ ಮಾಡಿದ್ದೀರಿ, ಎಷ್ಟು ನಾಮಿನೇಷನ್ ಒಪ್ಪಿಗೆಯಾಯಿತು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಮಗಳ ಬಗ್ಗೆ. 11ನೇ ತರಗತಿ ಎಂದಿರಿ, ಅಂದರೆ ಸ್ವಲ್ಪ ಕಾಲದಲ್ಲೇ ವಿಶ್ವವಿದ್ಯಾಲಯ. ತಾತ್ಕಾಲಿಕ ವೀಸಾದಲ್ಲಿದ್ದರೆ ಅವಳು ಅಂತರರಾಷ್ಟ್ರೀಯ ವಿದ್ಯಾರ್ಥಿಯ ಶುಲ್ಕ ಕಟ್ಟಬೇಕು. ಪಿಆರ್ ಆದರೆ ಸರ್ಕಾರದ ನೆರವಿನ ಸೀಟು ಸಿಗುತ್ತದೆ, ಶುಲ್ಕ ಬಹಳ ಕಡಿಮೆ, ಆದರೆ ನಾಗರಿಕರಿಗೆ ಸಿಗುವ ಹೆಕ್ಸ್ ಎಂಬ ಸರ್ಕಾರಿ ಶಿಕ್ಷಣ ಸಾಲ ಸಿಗದು, ಕೈಯಿಂದ ಕಟ್ಟಬೇಕು. 494 ಹಿಡಿದು ಇನ್ನೂ ಮೂರ್ನಾಲ್ಕು ವರ್ಷ ತಾತ್ಕಾಲಿಕವಾಗಿ ಉಳಿಯುವುದರ ನಿಜವಾದ ಬೆಲೆ ನಿಮ್ಮ ಮನೆಗೆ ಇಲ್ಲಿದೆ, ಜೀಲಾಂಗ್ ರೈಲಿನ ಟಿಕೆಟ್‌ನಲ್ಲಲ್ಲ. 18 ದಾಟಿದ ಮೇಲೂ 23ರವರೆಗೆ, ನಿಮ್ಮನ್ನೇ ಅವಲಂಬಿಸಿದ್ದರೆ, ಅವಳನ್ನು ಅರ್ಜಿಯಲ್ಲಿ ಸೇರಿಸಬಹುದು. ಓದಿನ ಜೊತೆ ಪೂರ್ಣಾವಧಿ ಕೆಲಸಕ್ಕೆ ಸೇರಿಬಿಟ್ಟರೆ ಅವಲಂಬಿತಳು ಎಂದು ತೋರಿಸುವುದು ಕಷ್ಟವಾಗುತ್ತದೆ.

ನಿಮ್ಮ ಅನುಕೂಲಕ್ಕೆ ಇನ್ನೆರಡು ಮಾತು. 186 ಅರ್ಜಿಯನ್ನು ಇಲ್ಲಿಂದಲೇ ಹಾಕಿದರೆ, ತೀರ್ಮಾನ ಬರುವವರೆಗೆ ಇಲ್ಲಿರಲು ಬ್ರಿಡ್ಜಿಂಗ್ ವೀಸಾ ಸಿಗುತ್ತದೆ, 482 ಮುಗಿದ ಮೇಲೆ ಅದು ಜಾರಿಗೆ ಬರುತ್ತದೆ. ಆ ಸ್ಥಿತಿಯಲ್ಲಿ ಊರಿಗೆ ಹೋಗಬೇಕಾದರೆ ಮೊದಲು, ಹೋಗಿ ವಾಪಸ್ ಬರಲು ಬಿಡುವ ಬ್ರಿಡ್ಜಿಂಗ್ ಬಿ ವೀಸಾ ತೆಗೆದುಕೊಂಡೇ ವಿಮಾನ ಹತ್ತಬೇಕು. ಪಿಆರ್ ಅರ್ಜಿ ಹಾಕಿದ ಮೇಲೆ ಸರ್ಕಾರದ ಆರೋಗ್ಯ ಯೋಜನೆಯಾದ ಮೆಡಿಕೇರ್‌ಗೆ ನೋಂದಾಯಿಸಬಹುದು, ಈಗ ಕಟ್ಟುತ್ತಿರುವ ಖಾಸಗಿ ಆರೋಗ್ಯ ವಿಮೆಯ ಹೊರೆ ಇಳಿಯುತ್ತದೆ. ಪೌರತ್ವಕ್ಕೆ ಒಟ್ಟು ನಾಲ್ಕು ವರ್ಷ ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದು ಕೊನೆಯ ಒಂದು ವರ್ಷ ಪಿಆರ್ ಆಗಿರಬೇಕು. 482ರಲ್ಲಿ ಕಳೆದ ಕಾಲವೂ ಆ ನಾಲ್ಕರಲ್ಲಿ ಸೇರುತ್ತದೆ.

ಕೊನೆಗೆ ನಿಮ್ಮ ಹೆಂಡತಿಯವರಿಗೆ ಒಂದು ಕೆಲಸ. 18 ದಾಟಿದ ಕುಟುಂಬ ಸದಸ್ಯರಿಗೆ ಫಂಕ್ಷನಲ್ ಮಟ್ಟದ ಇಂಗ್ಲಿಷ್ ಇದೆ ಎಂದು ತೋರಿಸದಿದ್ದರೆ, ವೀಸಾ ಕೊಡುವ ಮುನ್ನ ಎರಡನೇ ಕಂತು ಎಂದು ಐದು ಸಾವಿರ ಡಾಲರಿಗೆ ಹತ್ತಿರದ ಮೊತ್ತ ಕೇಳುತ್ತಾರೆ. ಅವರು ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಓದಿದ್ದರೆ, "ಬೋಧನಾ ಮಾಧ್ಯಮ ಇಂಗ್ಲಿಷ್" ಎಂದು ಕಾಲೇಜು ಕೊಡುವ ಒಂದು ಪತ್ರ ಸಾಕಾಗುತ್ತದೆ. ಕಾಲೇಜಿನ ಕಚೇರಿಯಿಂದ ಆ ಪತ್ರ ಬರಲು ಹಿಡಿಯುವ ಕಾಲ ನಿಮಗೆ ಗೊತ್ತಿರುವುದೇ, ಹಾಗಾಗಿ ಇವತ್ತೇ ಊರಲ್ಲಿರುವ ಯಾರಿಗಾದರೂ ಹೇಳಿ ಕಳಿಸಿ.